ಬಡಿಸಬಲ್ಲ ಪೆಟ್ಟಿಗೆ

ನಮ್ಮ ನಡುಮನೆಯ ಬಾಗಿಲ ಹಿಂದಿನ ಮೂಲೆಯಲ್ಲಿ, ಬಳ್ಳಾರಿಯ ಕಿರಾಣಿ ಅಂಗಡಿಯವರು ವರ್ಷವರ್ಷವೂ ಕೊಡುವ ಗೋಡೆಯ ಕ್ಯಾಲೆಂಡರಿನ ಕೆಳಗೆ, ಹದಿಮೂರು ವರ್ಷಗಳ ಕಾಲ ಅಹರ್ನಿಶಿ ಗುಂಯ್‌ಗುಡುತ್ತ ಕುಳಿತಿದ್ದ ಇನ್ವರ್ಟರ್ ಪೆಟ್ಟಿಗೆಯು ಕಳೆದ ವೈಶಾಖದ ಒಂದು ಸಂಜೆ, ಸುಟ್ಟ ವಾರ್ನಿಷಿನ ವಾಸನೆಯೊಂದನ್ನು ಮಾತ್ರ ಬಿಟ್ಟು, ಮೌನವನ್ನು ಧರಿಸಿತು. ಅದನ್ನು ಮೊದಲು ಕಂಡುಕೊಂಡವಳು ನನ್ನ ಮಡದಿ. ಅಡುಗೆಮನೆಯಿಂದಲೇ, "ಏನ್ರೀ, ಮನಿ ಯಾಕೋ ಬಿಕೋ ಅಂತೈತಲ್ಲ" ಎಂದಳು. ನಾನು ಕನ್ನಡಕವನ್ನು ಏರಿಸಿಕೊಂಡು ಹೋಗಿ ನೋಡಿದೆನು. ಹಸಿರು ದೀಪವಿಲ್ಲ, ಕೆಂಪು ದೀಪವಿಲ್ಲ. ಪೆಟ್ಟಿಗೆಯ ನೆತ್ತಿಯನ್ನು ಮುಟ್ಟಿದರೆ ಜ್ವರ ಬಂದ ಹುಡುಗನ ಹಣೆಯಂತೆ ಬಿಸಿಯಾಗಿದ್ದಿತು.

ಈ ಪೆಟ್ಟಿಗೆಯ ಹೆಸರಿನ ವಿಷಯದಲ್ಲಿ ನನಗೆ ಮೊದಲಿನಿಂದಲೂ ಒಂದು ಅಸಮಾಧಾನವುಂಟು. ಆಂಧ್ರದ ಗಡಿಯೊಳಗಿನ ಕನ್ನಡ ಶಾಲೆಯಲ್ಲಿ ಮೂರು ದಶಕಕ್ಕೂ ಮೇಲ್ಪಟ್ಟು ಪಾಠ ಹೇಳಿದವನಿಗೆ ಹೆಸರು ವಸ್ತುವಿಗೆ ಒಪ್ಪದಿದ್ದರೆ ಉಂಡ ಅನ್ನ ಅರಗುವುದಿಲ್ಲ. ಕರೆಂಟು ಹೋದಾಗ ಬ್ಯಾಟರಿಯಲ್ಲಿರುವ 12 ವೋಲ್ಟಿನ ಏಕಮುಖ ಪ್ರವಾಹವನ್ನು ಮನೆಯ 230 ವೋಲ್ಟಿನ ಪರ್ಯಾಯ ಪ್ರವಾಹವನ್ನಾಗಿ ತಿರುಗಿಸುವುದು ಅದರ ಪ್ರಸಿದ್ಧ ಕಾರ್ಯ. ಊರೆಲ್ಲ ಅದನ್ನು ಇನ್ವರ್ಟರ್ ಎನ್ನುವುದೂ ಆ ಕಾರಣದಿಂದಲೇ. ಆದರೆ ಕರೆಂಟು ಇರುವ ಹೊತ್ತಿನಲ್ಲಿ, ಎಂದರೆ ದಿನದ ಬಹುಭಾಗದಲ್ಲಿ, ಅದು ಮಾಡುವುದು ಇದಕ್ಕೆ ತದ್ವಿರುದ್ಧವಾದ ಕೆಲಸ: ಕಂಬದಿಂದ ಬಂದುದನ್ನು ಇಳಿಸಿ, ಸೋಸಿ, ಒಂದೇ ದಿಕ್ಕಿಗೆ ಹರಿಯುವಂತೆ ಪಳಗಿಸಿ ಬ್ಯಾಟರಿಗೆ ಉಣಿಸುವುದು. ಈ ಎರಡನೆಯ ಕೆಲಸಕ್ಕೆ ಇಂಜಿನಿಯರರು ಕನ್ವರ್ಟರ್ ಎನ್ನುತ್ತಾರಂತೆ. ಕನ್ನಡದಲ್ಲಿ ಪರಿವರ್ತಕವೆನ್ನೋಣವೆಂದರೆ ಆ ಬಿರುದನ್ನು ಊರ ಹೊರಗಿನ ಕಂಬದ ಮೇಲಣ ಟ್ರಾನ್ಸ್‌ಫಾರ್ಮರು ಪತ್ರಿಕೆಯವರ ಕೃಪೆಯಿಂದ ಮೊದಲೇ ಸಂಪಾದಿಸಿಕೊಂಡುಬಿಟ್ಟಿದೆ. ನಾವು ಬರಿದೆ "ಚಾರ್ಜ್ ಆಗ್ತೈತಿ" ಎಂದು ಸುಮ್ಮನಾಗುತ್ತೇವೆ. ಮಾಡುವವನು ಯಾರೆಂಬುದನ್ನು ಹೇಳುವ ಗೋಜಿಗೇ ಹೋಗುವುದಿಲ್ಲ.

ಪರ್ಯಾಯವೆಂಬ ಮಾತೂ ಸಾಮಾನ್ಯವಾದುದಲ್ಲ. ಉಡುಪಿಯ ಅಷ್ಟಮಠಗಳಲ್ಲಿ ಎರಡು ವರ್ಷಕ್ಕೊಮ್ಮೆ ಪೂಜಾಧಿಕಾರವು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಹೋಗುವುದನ್ನು ಪರ್ಯಾಯವೆನ್ನುತ್ತೇವಷ್ಟೆ. ತಂತಿಯೊಳಗಿನ ಪರ್ಯಾಯವಾದರೋ ಒಂದು ಸೆಕೆಂಡಿನಲ್ಲಿ 50 ಸಲ ಆಚೆ ಹೋಗಿ ಈಚೆ ಬರುವ ಆತುರಗಾರ. ಇಂತಹ ಚಂಚಲನಿಗೂ ಒಂದು ಗುಣವಿದೆ: ದೂರ ಪ್ರಯಾಣಕ್ಕೆ ಅವನು ಅಂಜುವುದಿಲ್ಲ. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಹೊರಟು ಸುಮಾರು 90 ಮೈಲಿ ನಡೆದು ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿದವನೂ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಹಚ್ಚಿದವನೂ ಅವನೇ. ಆದರೆ ಅವನನ್ನು ಕೂಡಿಡಲು ಬಾರದು. ಕೂಡಿಡುವುದಿದ್ದರೆ 1859ರಲ್ಲಿ ಪ್ಲಾಂಟೆ ಎಂಬ ಫ್ರೆಂಚ್ ಪಂಡಿತನು ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿ ಅದ್ದಿ ಕಂಡುಹಿಡಿದ ಬ್ಯಾಟರಿಯೇ ಆಗಬೇಕು. ಅದಾದರೋ ಏಕಮುಖನಲ್ಲದವನಿಗೆ ಬಾಗಿಲನ್ನೇ ತೆರೆಯದು. ಊರೂರು ಅಲೆಯುವವನಿಗೆ ಉಗ್ರಾಣವಿಲ್ಲ, ಉಗ್ರಾಣ ಕಾಯುವವನು ಊರು ಬಿಟ್ಟು ಕದಲನು. ಇವರಿಬ್ಬರ ನಡುವೆ ನಿಂತು ವ್ಯವಹಾರ ಕುದುರಿಸುವ ದಲ್ಲಾಳಿ ನಮ್ಮ ಪೆಟ್ಟಿಗೆ.

ನಮ್ಮ ದಲ್ಲಾಳಿಯು ಸಾಧುವಾಗಿರಲಿಲ್ಲವೆಂಬುದನ್ನು ಈಗ ಒಪ್ಪಿಕೊಳ್ಳಬೇಕು. ಅವನು ಬಂದ ವರ್ಷಗಳಲ್ಲಿ ಓಬಳಾಪುರದ ಕಡೆಯ ಅದಿರಿನ ಧೂಳು ಇನ್ನೂ ನಮ್ಮ ಊರಿನ ಸೂರುಗಳಿಂದ ಪೂರ್ತಿ ಇಳಿದಿರಲಿಲ್ಲ; ಎಲೆ ಕೆಂಪು, ಎಮ್ಮೆ ಕೆಂಪು, ಒಣಹಾಕಿದ ಹಪ್ಪಳವೂ ಕೆಂಪು. ಪೆಟ್ಟಿಗೆಯ ಹಿಂದಿನ ಸಣ್ಣ ಫ್ಯಾನು ಆ ಧೂಳನ್ನು ಉಸಿರಾಡಿಯೇ ಬೆಳೆಯಿತು. ಅದಿರಲಿ, ನಿಜವಾದ ದೋಷ ಬೇರೆ. ತಿಂಗಳಿಗೊಮ್ಮೆ ಬ್ಯಾಟರಿಯ ಆರೂ ಮುಚ್ಚಳ ಬಿಚ್ಚಿ ಡಿಸ್ಟಿಲ್ಡ್ ವಾಟರ್ ಹುಯ್ಯುವುದು ನಿವೃತ್ತನಾದ ನನ್ನ ಪಾಲಿಗೆ ಬಂದ ಪೂಜೆಯಾಗಿದ್ದಿತು, ಮತ್ತು ಪ್ರತಿ ತಿಂಗಳೂ ನೀರು ಹಿಂದಿನ ತಿಂಗಳಿಗಿಂತ ತುಸು ಹೆಚ್ಚಾಗಿಯೇ ಬೇಕಾಗುತ್ತಿದ್ದಿತು. ಒಂದು ದಿನ ಹಾಗೆ ಬಗ್ಗಿದಾಗ ಪಂಚೆಯ ಅಂಚು ಬ್ಯಾಟರಿಯ ನೆತ್ತಿಯನ್ನು ಸವರಿತೆಂದು ಕಾಣುತ್ತದೆ. ಆಗ ಏನೂ ಕಾಣಲಿಲ್ಲ, ಬಟ್ಟೆ ಒದ್ದೆಯೂ ಆದಂತಿರಲಿಲ್ಲ. ಮರುದಿನ ಒಗೆದು ಹಗ್ಗದ ಮೇಲೆ ಹರಡಿದಾಗ ಬಿಸಿಲು ಅದರೊಳಗಿಂದ ಸಾಸಿವೆ ಸಿಡಿದಂತೆ ನೂರು ಕಡೆ ಇಣುಕಿತು. ಆಮ್ಲವು ಹತ್ತಿಬಟ್ಟೆಯನ್ನು ತಿನ್ನುವ ಕ್ರಮವೇ ಹಾಗೆ: ನೀರು ತಾಗುವವರೆಗೆ ಗುಟ್ಟು ಬಿಟ್ಟುಕೊಡುವುದಿಲ್ಲ. ಇಲಿ ತಿಂದಿತೆಂದು ನಾನು ಸಾಧಿಸಿದೆನು. ನನ್ನ ಮಡದಿ ನಂಬಲಿಲ್ಲ.

ಪೆಟ್ಟಿಗೆ ಸತ್ತ ವಾರವೇ ಟೆಕ್ಸಾಸಿನಿಂದ ನನ್ನ ತಂಗಿಯ ಮಗನ ಫೋನು ಬಂದಿತು. ಅವನು ಅಲ್ಲಿ ಚಕ್ರದ ಮೇಲೊಂದು ಮನೆಯನ್ನು ಕೊಂಡಿದ್ದಾನೆ. ಮಂಚ, ಒಲೆ, ಕೈತೊಳೆಯುವ ತೊಟ್ಟಿ, ಶೀತಕದ ಪೆಟ್ಟಿಗೆ ಎಲ್ಲವೂ ಇರುವ ಆ ಗಾಡಿಯನ್ನು ರಜೆ ಬಂದೊಡನೆ ಮಕ್ಕಳು ಮರಿಗಳೊಡನೆ ಬೆಟ್ಟ ಮರುಭೂಮಿಗಳ ಕಡೆಗೆ ಹೊಡೆದುಕೊಂಡು ಹೋಗುತ್ತಾನೆ. "ಮಾವ, ಅರಿಜೋನದಾಗ ನಡುರಾತ್ರಿ ದೀಪ ಆರಿಹೋತು. ಕನ್ವರ್ಟರ್ ಸುಟ್ಟೈತಿ" ಎಂದನು. ನಾನು, "ನಿನ್ನದೂ ಹೋಯಿತೇ?" ಎಂದು ಕೇಳಿದ ಧ್ವನಿಯಲ್ಲಿ ದುಃಖಕ್ಕಿಂತ ಸಂತೋಷವೇ ಹೆಚ್ಚಾಗಿದ್ದಿತೆಂದು ಅವನು ಇಂದಿಗೂ ಆಪಾದಿಸುತ್ತಾನೆ. ಅವನ ಪೆಟ್ಟಿಗೆ ಅಮೆರಿಕದ 120 ವೋಲ್ಟಿನ ಮನೆಗರೆಂಟನ್ನು ಗಾಡಿಯ 12 ವೋಲ್ಟಾಗಿ ಇಳಿಸಿ, ದೀಪ ಪಂಪುಗಳಿಗೆ ಕೊಟ್ಟು, ಮಿಕ್ಕುದನ್ನು ಬ್ಯಾಟರಿಗೆ ಉಣಿಸುವಂಥದು. ನನ್ನದು ಎರಡು ದಿಕ್ಕಿಗೂ ದುಡಿಯುವ ಎತ್ತು, ಅವನದು ಒಂದೇ ದಿಕ್ಕಿನದು. ಆದರೆ ಉಣಿಸುವ ಭಾಗದಲ್ಲಿ ಎರಡೂ ಒಂದೇ ಜಾತಿ.

ಆ ಗಾಡಿಯ ಚಿತ್ರಗಳನ್ನು ನೋಡಿ ನನ್ನ ಮಡದಿ ಮೂಗಿನ ಮೇಲೆ ಬೆರಳಿಟ್ಟಳು. ನನಗೆ ಮಾತ್ರ ಅದೇನೂ ಹೊಸದೆನ್ನಿಸಲಿಲ್ಲ. ನಮ್ಮ ಅಜ್ಜನ ಕಮಾನು ಕಟ್ಟಿದ ಬಂಡಿಯು ಫಾಲ್ಗುಣದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆಗೆ ಹೊರಟಿತೆಂದರೆ, ಒಳಗೆ ಹುಲ್ಲಿನ ಮೇಲೆ ಕೌದಿ ಹಾಸಿ, ರೊಟ್ಟಿಯ ಬುಟ್ಟಿಯನ್ನು ತಲೆಯ ಕಡೆಗೂ ಶೇಂಗಾ ಚಟ್ನಿಯ ಭರಣಿಯನ್ನು ಕಾಲ ಕಡೆಗೂ ಇಟ್ಟು, ಅಡಿಯ ಜಾಲರಿಯಲ್ಲಿ ಎತ್ತಿನ ಮೇವನ್ನು ತುರುಕಿ, ಅಚ್ಚಿಗೆ ಒಂದು ಲಾಂದ್ರವನ್ನು ತೂಗುಹಾಕಿದರೆ ಸಂಸಾರಕ್ಕೆ ಬೇಕಾದುದೆಲ್ಲ ಅಲ್ಲಿಯೇ. ರಾತ್ರಿಯೆಲ್ಲ ಆ ಲಾಂದ್ರದ ಬೆಳಕಿನಲ್ಲಿ ಚಕ್ರದ ಅರೆಕಾಲುಗಳ ನೆರಳು ದಾರಿಯ ಎರಡು ಪಕ್ಕಕ್ಕೂ ದೈತ್ಯಾಕಾರವಾಗಿ ತಿರುಗುತ್ತಿದ್ದುದನ್ನೂ, ಬೆಳಗಾದ ಮೇಲೆ ಜಾತ್ರೆಯ ಬಯಲಿನಲ್ಲಿ ಹರಕೆಯ ಕೊಬ್ಬರಿ ಸುಡುವ ಹೊಗೆಯ ವಾಸನೆಯಿಂದಲೇ ಎಚ್ಚರವಾಗುತ್ತಿದ್ದುದನ್ನೂ ನಾನು ಮರೆತಿಲ್ಲ. ಸೋದರಳಿಯನಿಗೆ ಇದನ್ನೆಲ್ಲ ಹೇಳಲು ಹೊರಟೆನು. ಅವನು ತಾಳ್ಮೆಯಿಂದ ಕೇಳಿ, "ಅದಕ್ಕ ಎಷ್ಟು ಆಂಪಿಯರ್ ಮಾವ?" ಎಂದನು.

ಹೊಸದನ್ನು ಆರಿಸುವ ಪ್ರಶ್ನೆ ಬಂದಾಗ ನನಗೆ ಭೂಗೋಳದ ತೊಡಕೊಂದು ಎದುರಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ, ಮದರಾಸಿನ ಕೈಕೆಳಗಿದ್ದ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೂ ಬಳ್ಳಾರಿ ಮೊದಲಾದುವು ಮೈಸೂರಿನ ಕಡೆಗೂ ಹಂಚಿಹೋದುವು; ಅಂದಿನಿಂದ ನಮ್ಮ ಭಾಗದ ಕಚೇರಿ ಅನಂತಪುರದಲ್ಲಿ, ಸಂತೆ ಬಳ್ಳಾರಿಯಲ್ಲಿ. ಕರೆಂಟಿನ ಬಿಲ್ಲು ತೆಲುಗಿನಲ್ಲಿ ಬರುತ್ತದೆ, ಅದನ್ನು ಕಟ್ಟಲಾಗದ ಸಂಕಟವನ್ನು ನಾವು ಕನ್ನಡದಲ್ಲಿ ಹೇಳಿಕೊಳ್ಳುತ್ತೇವೆ. ಆದುದರಿಂದ ನಾನು ಗಡಿಯ ಈಚೆಗಿನ ರಾಯದುರ್ಗಕ್ಕೂ ಆಚೆಗಿನ ಬಳ್ಳಾರಿಗೂ ಹೋಗಿ ವಿಚಾರಿಸುವುದೆಂದು ತೀರ್ಮಾನಿಸಿದೆನು.

ರಾಯದುರ್ಗದ ಅಂಗಡಿಯ ತರುಣನು ನನ್ನ ಬಿಳಿಯ ಪಂಚೆಯನ್ನು ನೋಡಿ ನಾನು ಜಮೀನುದಾರನೆಂದು ಭಾವಿಸಿದಂತೆ ತೋರಿತು. ಎರಡು ಬ್ಯಾಟರಿಯ, 24 ವೋಲ್ಟಿನ, ಫ್ರಿಜ್ಜು ಮಿಕ್ಸಿ ಎಲ್ಲವನ್ನೂ ಹೊರಬಲ್ಲ ಮಹಾಪೆಟ್ಟಿಗೆಯೊಂದನ್ನು ತಟ್ಟಿ ತಟ್ಟಿ ತೋರಿಸಿದನು. ಬಳ್ಳಾರಿಯಲ್ಲಿ ಗಾಜಿನ ಬಾಗಿಲಿನ ದೊಡ್ಡ ಅಂಗಡಿಯವನು ಬೆಲೆಯನ್ನು ಇಳಿಸಿದನು, ಕಾಫಿ ತರಿಸಿದನು, ಊರಿನ ಹೆಸರನ್ನು ಕೇಳಿದನು, ಕೇಳಿದ ಮೇಲೆ ಮುಖ ಸಣ್ಣದು ಮಾಡಿ, "ಗ್ಯಾರಂಟಿ ಕರ್ನಾಟಕದೊಳಗ ಮಾತ್ರ ರೀ. ಹಿರೇಹಾಳು ಅಂದ್ರ ಆಂಧ್ರ ಆತಲ್ಲ, ನಮ್ಮ ಹುಡುಗರು ಆ ಕಡಿ ಬರಂಗಿಲ್ಲ" ಎಂದನು. ಬಳ್ಳಾರಿಯಿಂದ ಚಳ್ಳಕೆರೆಗೆ ಹೋಗುವ ದೊಡ್ಡ ರಸ್ತೆಯೇ ನಮ್ಮ ಊರ ಕಡೆಯಿಂದ ಹಾದು ಮತ್ತೆ ಕರ್ನಾಟಕವನ್ನು ಹೊಗುತ್ತದೆ. ಲಾರಿ ದಾಟುತ್ತದೆ, ಕುರಿ ದಾಟುತ್ತದೆ, ಮದುವೆಯ ದಿಬ್ಬಣ ದಾಟುತ್ತದೆ, ಗ್ಯಾರಂಟಿ ಮಾತ್ರ ದಾಟದು. ಅರ್ಧ ಗಂಟೆಯ ಬಸ್ಸಿನ ದಾರಿ!

ಅಲ್ಲಿಂದ ಬೇಸರದಿಂದ ಹೊರಬಿದ್ದು ನಡೆಯುತ್ತಿದ್ದಾಗ, ಓಣಿಯೊಂದರ ತಿರುವಿನಲ್ಲಿ, ಆಮ್ಲದ ಕಲೆಯಿಂದ ನೆಲವೆಲ್ಲ ಬೆಳ್ಳಗಾಗಿದ್ದ ಸಣ್ಣ ಬ್ಯಾಟರಿ ಅಂಗಡಿಯನ್ನು ಕಂಡೆನು. ಒಳಗೆ ಕುಳಿತಿದ್ದ ಮುದುಕನು, ಗಾಜಿನ ಕೊಳವೆಗೆ ರಬ್ಬರಿನ ಬುರುಡೆ ಸಿಕ್ಕಿಸಿದ ಸಾಧನವೊಂದರಿಂದ ಯಾವುದೋ ಟ್ರಾಕ್ಟರಿನ ಬ್ಯಾಟರಿಯ ರಸವನ್ನು ಹೀರಿ, ಬೆಳಕಿಗೆ ಹಿಡಿದು, ಅದರೊಳಗೆ ತೇಲುತ್ತಿದ್ದ ಕಡ್ಡಿಯ ಗುರುತನ್ನು ಒಂದೇ ಕಣ್ಣಿನಿಂದ ಓದುತ್ತಿದ್ದನು. "ಗ್ರಾವಿಟಿ ಇಳಿದೈತಿ" ಎಂದು ತನಗೆ ತಾನೇ ಹೇಳಿಕೊಂಡನು. ನನ್ನ ಕಥೆಯನ್ನು ಪೂರ್ತಿ ಕೇಳಿದ ಮೇಲೆ ಅವನು ಪೆಟ್ಟಿಗೆಯ ಬಗೆಗೆ ಒಂದೂ ಪ್ರಶ್ನೆ ಕೇಳದೆ, "ತಿಂಗಳಿಗೆ ನೀರು ಎಷ್ಟು ಕುಡಿತಿತ್ತು?" ಎಂದನು. ಹೇಳಿದೆನು. "ಹಂಗಾರ ಬ್ಯಾಟರಿ ಸತ್ತಿದ್ದಲ್ಲ ಮೇಷ್ಟ್ರೇ, ನಿಮ್ಮ ಪೆಟ್ಟಿಗಿ ಕುದಿಸಿ ಕೊಂದೈತಿ."

ಆಮೇಲೆ ಅವನು ಕೊಟ್ಟ ವಿವರಣೆಯನ್ನು ನಾನು ಯಾವ ಭೌತಶಾಸ್ತ್ರದ ಪುಸ್ತಕದಲ್ಲಿಯೂ ಓದಿರಲಿಲ್ಲ. ಮದುವೆಯ ಮನೆಯಲ್ಲಿ ಬಡಿಸುವವರನ್ನು ನೋಡಿದ್ದೀರಲ್ಲ, ಎಂದು ಅವನು ಆರಂಭಿಸಿದನು. ಹಸಿದು ಎಲೆಯ ಮುಂದೆ ಕುಳಿತವನಿಗೆ ಮೊದಲ ಸುತ್ತಿನಲ್ಲಿ ಕೇಳಬೇಕಾದುದಿಲ್ಲ, ಸುರಿಯುವುದೇ ಧರ್ಮ. ಬ್ಯಾಟರಿ ಇಳಿದಿದ್ದಾಗ ಒಳ್ಳೆಯ ಪೆಟ್ಟಿಗೆಯು ತನ್ನ ಕೈಲಾದಷ್ಟು ಆಂಪಿಯರನ್ನು ಹಾಗೆಯೇ ಸುರಿಯುತ್ತದೆ. ಮುಕ್ಕಾಲು ಹೊಟ್ಟೆ ತುಂಬಿದ ಮೇಲೆ ಸುತ್ತು ಬರಬೇಕು, ಆದರೆ ಕೇಳಿ ಕೇಳಿ ಬಡಿಸಬೇಕು. ಅದು ವೋಲ್ಟೇಜನ್ನು 14.4ರ ಹತ್ತಿರ ಹಿಡಿದು ನಿಲ್ಲಿಸಿ, ಉಣ್ಣುವವನು ತೆಗೆದುಕೊಂಡಷ್ಟನ್ನೇ ಕೊಡುತ್ತ, ಬರಬರುತ್ತ ಕೈ ಬಿಗಿಮಾಡುವ ಹಂತ. ಮಜ್ಜಿಗೆ ಕುಡಿದು ಎಲೆಗೆ ಕೈ ಅಡ್ಡ ಹಿಡಿದ ಮೇಲೆ ಬಡಿಸುವವನು ಪಾತ್ರೆಯನ್ನು ಕೆಳಗಿಟ್ಟು ಸುಮ್ಮನೆ ಕುಶಲ ವಿಚಾರಿಸುತ್ತ ನಿಲ್ಲಬೇಕು, ಅದು 13.6ರ ಆಸುಪಾಸಿನ ಮೂರನೆಯ ಹಂತ, ತಾನಾಗಿ ಸೋರಿಹೋದಷ್ಟನ್ನು ತುಂಬುವುದಕ್ಕೆ ಮಾತ್ರ. "ನಿಮ್ಮ ಹಳೇದು ನಿಮ್ಮ ಸೋದರತ್ತಿ ಇದ್ದಂಗ," ಎಂದನು ಮುದುಕ. "ಸಾಕು ಅಂದ್ರೂ ಎಲಿ ಮ್ಯಾಲ ಹಾಕೋದು." ತುಂಬಿದ ಬ್ಯಾಟರಿಗೆ ಮತ್ತೆ ಮತ್ತೆ ತುರುಕಿದ ವಿದ್ಯುತ್ತು ಹೋಗುವುದೆಲ್ಲಿಗೆ? ಒಳಗಿನ ನೀರನ್ನೇ ಒಡೆದು ಜಲಜನಕ ಆಮ್ಲಜನಕಗಳನ್ನಾಗಿ ಮಾಡಿ ಮುಚ್ಚಳದಿಂದ ಹೊರಕ್ಕೆ ಕಳುಹುತ್ತದೆ. ಜೊತೆಗೆ ಹೊರಟ ಆಮ್ಲದ ತುಂತುರು ನನ್ನ ಪಂಚೆಯನ್ನು ಹುಡುಕಿಕೊಂಡು ಬಂದಿತು. ಹಾಗೆಂದು ಕೈ ಬಿಗಿದು ಅರೆಹೊಟ್ಟೆಯಲ್ಲಿಟ್ಟರೂ ಉಳಿಗತಿಯಿಲ್ಲ. ಸೀಸದ ಫಲಕಗಳ ಮೇಲೆ ಗಂಧಕದ ಲವಣ ಗಟ್ಟಿಯಾಗಿ ಕುಳಿತು, ಮುಂದೆ ಎಷ್ಟು ಬಡಿಸಿದರೂ ಒಳಕ್ಕೆ ಇಳಿಯದಂತಾಗುತ್ತದೆ. ಇದರ ಮೇಲೆ ನಮ್ಮ ಸೀಮೆಯ ಬಿಸಿಲು ಬೇರೆ. ಹತ್ತು ಡಿಗ್ರಿ ಸೆಖೆ ಏರಿದರೆ ಬ್ಯಾಟರಿಯ ಆಯುಸ್ಸು ಹೆಚ್ಚುಕಡಮೆ ಅರ್ಧಕ್ಕೆ ಇಳಿಯುತ್ತದೆಂಬುದು ಆ ಕಸುಬಿನವರ ಲೆಕ್ಕ. ನಾನಾದರೋ ಅದನ್ನು ಪಡುವಣ ಗೋಡೆಗೆ ಒರಗಿಸಿ ಇಟ್ಟಿದ್ದೆನು.

ನನ್ನ ಸೋದರತ್ತೆಯು ಹೋಳಿಗೆಯ ತಟ್ಟೆ ಹಿಡಿದು ನಿಲ್ಲುತ್ತಿದ್ದ ಭಂಗಿಯನ್ನು ಈ ಅಪರಿಚಿತನು ಹೇಗೆ ಬಲ್ಲನೆಂದು ಆಶ್ಚರ್ಯಪಡುತ್ತ ನಾನು ಉಳಿದ ಪಾಠವನ್ನು ಕಲಿತೆನು. ದೊಡ್ಡ ಪೆಟ್ಟಿಗೆಯೇ ಒಳ್ಳೆಯ ಪೆಟ್ಟಿಗೆಯಲ್ಲ. 150 ಆಂಪಿಯರ್-ಗಂಟೆಯ ಬ್ಯಾಟರಿಗೆ ಅದರ ಹತ್ತನೆಯ ಒಂದು ಭಾಗ, ಎಂದರೆ 15 ಆಂಪಿಯರಿನ ಉಣಿಸು ಸಾಕು. ಫ್ಯಾನು ಗೊಂಯ್‌ಗುಡಬಾರದೆಂದಿದ್ದರೆ ಚೌಕ ಅಲೆಯದನ್ನು ಬಿಟ್ಟು ಸೈನ್ ಅಲೆಯದನ್ನು ಕೊಳ್ಳತಕ್ಕದ್ದು. ಇವೆರಡಕ್ಕಿಂತ ಮುಖ್ಯವಾಗಿ, ಹಳ್ಳಿಯವನಾದವನು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ವೋಲ್ಟೇಜು ಕುಸಿದಾಗ ಅದು ಉಣಿಸುವುದೋ ಇಲ್ಲವೋ? ನಮ್ಮಲ್ಲಿ 230 ಎಂಬುದು ಪಠ್ಯಪುಸ್ತಕದಲ್ಲಿನ ಅಂಕೆ. ಬೇಸಗೆಯಲ್ಲಿ ಹೊಲಹೊಲದ ಮೋಟಾರುಗಳು ಒಮ್ಮೆಗೇ ಓಡತೊಡಗಿದರೆ ಟ್ಯೂಬ್‌ಲೈಟು ಕಣ್ಣು ಪಿಳುಕಿಸುತ್ತದೆ, ಅಂಕೆ 160ಕ್ಕೆ ಬಂದುನಿಲ್ಲುತ್ತದೆ. ಆ ಹೊತ್ತಿನಲ್ಲಿ ಕೆಲವು ಪೆಟ್ಟಿಗೆಗಳು ಕರೆಂಟೇ ಇಲ್ಲವೆಂದು ಭ್ರಮಿಸಿ, ಉಣಿಸುವುದಕ್ಕೆ ಬದಲಾಗಿ ಬ್ಯಾಟರಿಯಿಂದಲೇ ಉಣ್ಣಲು ಕುಳಿತುಬಿಡುತ್ತವೆ.

ಆ ರಾತ್ರಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಮನೆಯ ಲೆಕ್ಕ ಹಾಕಿದೆನು. ಎರಡು ಫ್ಯಾನು 150 ವ್ಯಾಟು, ಐದು ಎಲ್‌ಇಡಿ ದೀಪ 45, ಟೀವಿ, ಮೊಬೈಲುಗಳು. ಎಲ್ಲ ಸೇರಿ 270ರ ಒಳಗೆ. ತಿರುಗಿಸುವಾಗಿನ ನಷ್ಟವನ್ನು ಸೇರಿಸಿದರೆ ಬ್ಯಾಟರಿಯಿಂದ 28 ಆಂಪಿಯರು. ಫಲಕಗಳನ್ನು ಪೂರ್ತಿ ಬಸಿಯದೆ ನಾಲ್ಕು ಗಂಟೆ ನಿಶ್ಚಿಂತೆ. "ಮಿಕ್ಸಿ?" ಎಂದಳು ನನ್ನ ಮಡದಿ. ಮಿಕ್ಸಿ ಬಾರದೆಂದೆನು. "ಹಂಗಾರ ಟೀವಿ ತೆಗದು ಮಿಕ್ಸಿ ಹಾಕ್ರಿ." ಈ ವಾದದಲ್ಲಿ ಗೆದ್ದವರಾರೆಂಬುದನ್ನು ಬರೆಯುವುದು ಅನಾವಶ್ಯಕ.

ಸೋದರಳಿಯನ ಲೆಕ್ಕ ಬೇರೆ ತೆರನಾದುದು. ಅವನ ಹಳೆಯ ಕನ್ವರ್ಟರು ಸೋದರತ್ತೆಯೂ ಅಲ್ಲ, ಜಿಪುಣನೂ ಅಲ್ಲ; ಹಸಿದವನಿಗೂ ಉಂಡವನಿಗೂ ಸದಾಕಾಲ 13.6 ವೋಲ್ಟಿನ ಒಂದೇ ಸೌಟು. ಅದರಿಂದ ಪ್ರವಾಸದಲ್ಲಿ ಬ್ಯಾಟರಿ ಬೇಗ ತುಂಬುತ್ತಿರಲಿಲ್ಲ, ತಿಂಗಳುಗಟ್ಟಲೆ ಮನೆಯ ಮುಂದೆ ನಿಲ್ಲಿಸಿದಾಗ ಮೆಲ್ಲಮೆಲ್ಲನೆ ಒಣಗುತ್ತಿದ್ದಿತು. 45 ಆಂಪಿಯರಿನದೋ 55ರದೋ 60ರದೋ ಎಂದು ಮೂರು ವಾರ ಒದ್ದಾಡಿ, ಮುಂದೆ ಲಿಥಿಯಂ ಬ್ಯಾಟರಿ ಹಾಕಿಸಿದರೆ ಒಂದು ಗುಂಡಿಯನ್ನು ಆಚೀಚೆ ಸರಿಸಿ ಅದಕ್ಕೂ ಒಗ್ಗಿಸಬಹುದಾದ 55ರದನ್ನು ತರಿಸಿದನು. ಮುದುಕನ ಊಟದ ದೃಷ್ಟಾಂತವನ್ನು ಅವನಿಗೆ ಹೇಳಿದಾಗ, ಲಿಥಿಯಂ ಎಂಬುದು ಮಿತಾಹಾರದ ಮಠಸ್ಥನೆಂದೂ, ಉಂಡಾದ ಮೇಲೆ ಯಾರೂ ಮುಂದೆ ನಿಂತು ಮಾತಾಡಿಸುವುದನ್ನು ಸಹಿಸುವುದಿಲ್ಲವೆಂದೂ ತಿದ್ದಿದನು.

ನಾನು ಮುದುಕನಿಂದಲೇ ಪೆಟ್ಟಿಗೆಯನ್ನೂ ಬ್ಯಾಟರಿಯನ್ನೂ ಕೊಂಡೆನು. ಹಳೆಯ ಬ್ಯಾಟರಿಯನ್ನು ಸೀಸದ ತೂಕಕ್ಕೆ ಹಿಡಿದುಕೊಂಡನು. ಗ್ಯಾರಂಟಿಯ ಮಾತೆತ್ತಿದಾಗ, "ಕೆಟ್ರ ಹಿರೇಹಾಳದ ಬಸ್ಸಿಗೆ ಹಾಕಿ ಕಳಿಸ್ರಿ, ಕಂಡಕ್ಟರ್‌ಗೆ ನನ್ನ ಹೆಸರು ಹೇಳ್ರಿ" ಎಂದು ಅಂಗಡಿಯ ಒಳಕ್ಕೆ ಹೋದನು. ತಂದು ಕೂರಿಸಿದ ಮೇಲೆ ನಾವಿಬ್ಬರೂ ಕರೆಂಟು ಹೋಗುವುದನ್ನೇ ಕಾಯತೊಡಗಿದೆವು. ಹದಿಮೂರು ವರ್ಷಗಳಲ್ಲಿ ಒಂದು ದಿನವೂ ತಪ್ಪದೆ ಹೋಗುತ್ತಿದ್ದ ಕರೆಂಟು ಮೂರು ದಿನ ಹೋಗಲಿಲ್ಲ. ನಾಲ್ಕನೆಯ ರಾತ್ರಿ ಎಂಟರ ಹೊತ್ತಿಗೆ ಎದುರುಮನೆಯ ಹುಡುಗನು ಮೊಬೈಲು ಹಿಡಿದು ಬಂದು, "ಮೇಷ್ಟ್ರೇ, ಚಾರ್ಜಿಗೆ ಹಾಕ್ಲಾ?" ಎಂದು ಕೇಳಿದಾಗಲೇ ಊರು ಕತ್ತಲಾಗಿರುವುದು ನಮಗೆ ತಿಳಿದುದು.

ಅದೇ ಗಳಿಗೆಗೆ ಟೆಕ್ಸಾಸಿನಿಂದ ಫೋನು. ಅಲ್ಲಿ ಬೆಳಗಿನ ಹೊತ್ತು. ಸೋದರಳಿಯನು ತನ್ನ ಗಾಡಿಯ ಮಂಚದ ಕೆಳಗೆ ಬೋರಲಾಗಿ ಮಲಗಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಹೊಸ ಕನ್ವರ್ಟರನ್ನು ಜೋಡಿಸುತ್ತಿದ್ದನು. ಬ್ಯಾಟರಿಯ ಕಡೆಯಿಂದ ಎರಡು ವೈರು ಬಂದಿವೆ, ಒಂದು ಕಪ್ಪು, ಒಂದು ಬಿಳಿ, ಕೆಂಪು ಇಲ್ಲವೇ ಇಲ್ಲ, ಏನು ಮಾಡಲಿ ಎಂದು ಕೇಳಿದನು. ಹೊಸ ಪೆಟ್ಟಿಗೆಯ ಯಶಸ್ಸಿನಿಂದ ಉಬ್ಬಿದ್ದ ನಾನು, ಕಪ್ಪೆಂದರೆ ಋಣ, ಇದರಲ್ಲಿ ಸಂಶಯವೆಲ್ಲಿಯದು, ಎಂದು ತರಗತಿಯಲ್ಲಿ ಹೇಳುವ ಧ್ವನಿಯಲ್ಲಿಯೇ ಹೇಳಿದೆನು. ಆ ಕಡೆಯಿಂದ ಚಟ್ ಎಂಬ ಸದ್ದು ಬಂದಿತು; ಒಡನೆಯೇ ಇನ್ನೊಂದು. ಅಮೆರಿಕದ ಮನೆ-ಗಾಡಿಗಳಲ್ಲಿ ಅನೇಕ ಕಡೆ 12 ವೋಲ್ಟಿನ ಧನಕ್ಕೇ ಕಪ್ಪು ವೈರನ್ನೂ ಋಣಕ್ಕೆ ಬಿಳಿಯದನ್ನೂ ಹಾಕಿರುತ್ತಾರಂತೆ. ಹೀಗೆ ತಿರುವುಮುರುವಾಗಿ ಕೊಡುವ ಬುದ್ಧಿವಂತರಿಗಾಗಿಯೇ ಕನ್ವರ್ಟರಿನ ಮುಖದಲ್ಲಿ ಎರಡು ಫ್ಯೂಸುಗಳನ್ನು ಮೊದಲೇ ಇಟ್ಟಿರುತ್ತಾರಂತೆ. ಪೆಟ್ಟಿಗೆ ಉಳಿಯಿತು, ಫ್ಯೂಸು ಎರಡೂ ಹೋದುವು.

ನನ್ನ ಮಡದಿ ನನ್ನ ಕೈಯಿಂದ ಫೋನನ್ನು ತೆಗೆದುಕೊಂಡು, "ಅವರ ಮಾತು ಏನ್ ಕೇಳ್ತೀಯೋ, ಪಂಚೆ ತೂತಾಗಿದ್ದು ಇಲಿಯಿಂದ ಅಂದೋರು ಅವರು" ಎಂದಳು.